ಹೋಗಿಬಿಡುವ ವಾಸನೆ

ನಮ್ಮೂರಿನ ಪಿಯು ಕಾಲೇಜಿನಲ್ಲಿ ಎಲ್ಲ ವಿಷಯಗಳನ್ನೂ ತರಗತಿಯಲ್ಲೇ ಕಲಿಸುತ್ತಾರೆ, ರಸಾಯನಶಾಸ್ತ್ರವೊಂದನ್ನು ಬಿಟ್ಟು. ಅದನ್ನು ನಾನು ನಮ್ಮ ಮನೆಯ ನಡುಕೋಣೆಯಲ್ಲಿ ಕೂತು, ಹೊಲಿಗೆ ಯಂತ್ರದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿಸುತ್ತೇನೆ. ಕಾಲೇಜಿನ ಲ್ಯಾಬಿಗೆ ಬೀಗ ಬಿದ್ದು ಒಂಬತ್ತು ವರ್ಷವಾಯಿತು. ಬೀಗ ಬೀಳಲು ಕಾರಣ ನಾನೇ. ಆ ದಿನ ಹೈಡ್ರೋಜನ್ ಸಲ್ಫೈಡ್ ತಯಾರಿಸುವ ಉಪಕರಣದ ನಲ್ಲಿಯನ್ನು ತಿರುಗಿಸಿ ಮುಚ್ಚುವ ಹೊತ್ತಿಗೆ ಸರಿಯಾಗಿ ಮನೆಯಿಂದ ಫೋನ್ ಬಂತು. ನನ್ನ ಗಂಡ ವಾಸುದೇವನಿಗೆ ಉಪ್ಪಿನಕಾಯಿ ಜಾಡಿ ಸಿಗುತ್ತಿರಲಿಲ್ಲ. ಮೇಲಿನ ಶೆಲ್ಫಿನಲ್ಲಿ, ಎಡಗಡೆ, ಅಲ್ಲ, ನಿಮ್ಮ ಎಡಗಡೆ, ಎಂದು ಹೇಳಿ ಮುಗಿಸುವಷ್ಟರಲ್ಲಿ ಕೊಳೆತ ಮೊಟ್ಟೆಯ ವಾಸನೆ ಲ್ಯಾಬು ತುಂಬಿ, ಕಾರಿಡಾರ್ ದಾಟಿ, ಪಕ್ಕದ ಎರಡು ತರಗತಿಗಳನ್ನೂ ಹೊಕ್ಕಿತ್ತು. ಅದು ಇವತ್ತಿಗೂ ಅಲ್ಲೇ ಇದೆ. ನಮ್ಮೂರಿನಲ್ಲಿ ಎದ್ದ ವಾಸನೆ ಎದ್ದಲ್ಲೇ ಇರುತ್ತದೆ. ಹೋದದ್ದನ್ನು ಕಂಡವರಿಲ್ಲ.

ನಾನು ಹೊರಗಿನಿಂದ ಮದುವೆಯಾಗಿ ಬಂದವಳು. ಇಲ್ಲಿ ಸೊಸೆಯಾದವಳು ಮೊದಲು ಕಲಿಯಬೇಕಾದದ್ದು ಆ ಮನೆಯ ವಾಸನೆಯೊಳಗೇ ಅಡುಗೆ ಮಾಡುವುದನ್ನು. ಅತ್ತೆಯ ಅತ್ತೆ ಯಾವ ಸಾರಿನ ಪುಡಿ ಹುರಿದಿದ್ದರೋ ಅದೇ ಪುಡಿ, ಅದೇ ಒಗ್ಗರಣೆ. ಹೊಸದೊಂದನ್ನು ಎಬ್ಬಿಸಬೇಕಾದರೆ ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ ಬೇಕು. ದೇವಸ್ಥಾನದಲ್ಲಿ ಅರ್ಚಕರ ಅಜ್ಜ ಹಚ್ಚಿದ ಒಂದು ಊದಿನಕಡ್ಡಿಯ ವಾಸನೆ ಇನ್ನೂ ಇದೆಯಾದ್ದರಿಂದ ಈಗಿನವರು ಕಡ್ಡಿಯನ್ನು ಹಚ್ಚದೆ ಸುಮ್ಮನೆ ಆಡಿಸುತ್ತಾರೆ. ಹೆಂಗಸರು ಮುಡಿಯುವುದು ಕನಕಾಂಬರ ಮಾತ್ರ. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಅಡುಗೆಮನೆಗೆ ಹೋಗಿ ಮೂಗು ಅರಳಿಸುತ್ತಾರೆ. ಗಂಡಸರ ಎಡವಟ್ಟುಗಳೆಲ್ಲ ಬೀದಿಯಲ್ಲೋ ಕಚೇರಿಯಲ್ಲೋ ಆಗುವುದರಿಂದ ಅವಕ್ಕೆ ವಾಸನೆ ಇರುವುದಿಲ್ಲ. ನಾನು ಮದುವೆಯಾದ ವರ್ಷ ರವೆ ಸೀಯಿಸಿದ್ದೆ. ಇಪ್ಪತ್ತೆರಡು ವರ್ಷಗಳ ಮೇಲೂ ಬಂದ ನೆಂಟರು ಕಾಫಿಯ ಲೋಟ ಕೆಳಗಿಡುತ್ತಾ, "ಇದು ನಿಮ್ಮ ಹೊಸದರಲ್ಲಿ ಸೀದದ್ದಲ್ವಾ?" ಎಂದು ಪ್ರೀತಿಯಿಂದಲೇ ಕೇಳುತ್ತಾರೆ.

ಇಂಥ ಊರಿಗೆ ಪರದೆಯ ಮೇಲಿನ ಪ್ರಯೋಗಾಲಯ ಬಂದಾಗ ಜನ ಹಬ್ಬ ಮಾಡಿದರು. ಪ್ರಿನ್ಸಿಪಾಲ್ ಶೇಷಗಿರಿಯವರು ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, "ನೋಡಿ ಮೇಡಂ, ಎಂಥ ಆಸಿಡ್ ಸುರಿದರೂ ಒಂದು ಸೊಳ್ಳೆಗೂ ಗೊತ್ತಾಗಲ್ಲ!" ಎಂದರು. ನಿಜ. ಸೊಳ್ಳೆಗೂ ಗೊತ್ತಾಗುವುದಿಲ್ಲ, ಮಕ್ಕಳಿಗೂ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಬ್ಯುರೆಟ್ ಸೋರುವುದಿಲ್ಲ, ಪಿಪೆಟ್ ಒಡೆಯುವುದಿಲ್ಲ, ಯಾರು ಮಾಡಿದರೂ ಹತ್ತು ಪಾಯಿಂಟ್ ಎರಡು ಮಿಲಿಲೀಟರಿಗೆ ದ್ರಾವಣ ಗುಲಾಬಿಯಾಗುತ್ತದೆ. ಗುಲಾಬಿಯಾದ ತಕ್ಷಣ ಒಂದು ಹೆಣ್ಣುದನಿ, "ಅಭಿನಂದನೆಗಳು! ನೀವು ಪ್ರಯೋಗವನ್ನು ಯಶಸ್ವಿಯಾಗಿ ಪೂರೈಸಿದ್ದೀರಿ!" ಎನ್ನುತ್ತದೆ. ಒಂದು ದಿನ ತರಗತಿಯ ನಡುವೆ ಒಂದು ಮನೆಯಿಂದ ಆ ಅಭಿನಂದನೆ ನಾಲ್ಕು ಸಲ ಕೇಳಿಸಿತು. "ಯಾರೇ ಅದು?" ಎಂದೆ. "ನಮ್ಮಜ್ಜಿ ಮಿಸ್," ಎಂದಳು ಒಬ್ಬಳು, "ಅವಲಕ್ಕಿ ಆರಿಸ್ತಾ ಆರಿಸ್ತಾ ಒತ್ತಿದ್ರು. ನಾಲ್ಕು ಸಲವೂ ಸರಿ ಬಂತು." ಅಜ್ಜಿ ಹಿಂದಿನಿಂದ, "ಸುಲಭ ಇದೆಯಮ್ಮ ನಿನ್ನ ಪಾಠ, ಇದಕ್ಕೆ ಯಾಕೆ ಅಷ್ಟು ಕೂಗ್ತೀಯ?" ಎಂದರು. ನಾನು ಮೈಕ್ ಮುಚ್ಚಿದೆ.

ವಾಸನೆಗೂ ಆ ಪರದೆಯಲ್ಲಿ ಒಂದು ಏರ್ಪಾಡಿತ್ತು. ಟೆಸ್ಟ್ ಟ್ಯೂಬನ್ನು ಬಿಸಿ ಮಾಡಿದರೆ ಅದರ ಬಾಯಿಯ ಮೇಲೆ ಬಿಳಿಯ ಮೋಡವೊಂದು ಕಾಣಿಸಿಕೊಳ್ಳುತ್ತಿತ್ತು. ಮೋಡದೊಳಗೆ "ಘಾಟು ವಾಸನೆ" ಎಂದು ಬರೆದಿರುತ್ತಿತ್ತು. ನಾವಾಗಿ ಒತ್ತಿ ಮುಚ್ಚುವ ತನಕ ಅದು ಅಲ್ಲೇ ನಿಂತಿರುತ್ತಿತ್ತು. ಮಕ್ಕಳು ನೀರು ಕುಡಿದು ಬಂದು, ತಂಗಿಯ ಜೊತೆ ಜಗಳವಾಡಿ ಬಂದು, ನಿಧಾನವಾಗಿ ಅದನ್ನು ನೋಡಿ ಬರೆದುಕೊಳ್ಳುತ್ತಿದ್ದರು. ಇದರಲ್ಲಿ ತಪ್ಪೇನಿದೆ ಎಂದು ನನಗೂ ಆಗ ಹೊಳೆದಿರಲಿಲ್ಲ.

ಹೊಳೆದದ್ದು ಸಿಂಚನಾ ಫೇಲಾದಾಗ. ಅವಳು ನನ್ನ ತರಗತಿಯಲ್ಲೇ ಚುರುಕಾದ ಹುಡುಗಿ. ಅಪ್ಪ ಇಲ್ಲ, ತಾಯಿ ರುಕ್ಮಾಬಾಯಿ ರವಿಕೆ ಹೊಲಿದು ಸಾಕಿದವರು. ಪರದೆಯ ಪ್ರಯೋಗದಲ್ಲಿ ಅವಳಿಗೆ ಯಾವಾಗಲೂ ನೂರಕ್ಕೆ ನೂರು. ಆದರೆ ಈ ವರ್ಷದಿಂದ ಪ್ರಾಕ್ಟಿಕಲ್ ಪರೀಕ್ಷೆಯನ್ನು ನಿಜವಾದ ಲ್ಯಾಬಿನಲ್ಲೇ ಬರೆಯಬೇಕೆಂದು ಹೊಸ ನಿಯಮ ಬಂತು. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಪರೀಕ್ಷೆಯ ಊರಿಗೆ ಹೋದ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೇಗೋ ದಾಟಿಕೊಂಡರು. ಇವಳು ದಾಟಲಿಲ್ಲ. ಅದೇ ಊರಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ಅವಳಿಗೊಂದು ಸೀಟು ಸಿಕ್ಕಿತ್ತು. ಮರುಪರೀಕ್ಷೆಯ ಫಲಿತಾಂಶದವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು. ಅದೂ ಹೋದರೆ ಅವಳನ್ನು ಕೊಡುವ ಮನೆ ಗೊತ್ತಾಗಿತ್ತು. ಗಂಡಿನ ಕಡೆಯ ಹೆಂಗಸರು ಆಗಲೇ ಎರಡು ಸಲ ಬಂದು ರುಕ್ಮಾಬಾಯಿಯವರ ಅಡುಗೆಮನೆಯನ್ನು ಮೂಸಿ, ಪರವಾಗಿಲ್ಲ ಎಂದು ಹೋಗಿದ್ದರು.

"ಏನಾಯ್ತೇ?" ಎಂದು ಕೇಳಿದೆ. ಅವಳು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡಿದ್ದಳು.

"ವಾಸನೆ ಇರಲಿಲ್ಲ ಮಿಸ್. ಇಲ್ಲ ಅಂತ ಬರೆದೆ. ಎಕ್ಸಾಮಿನರ್ ಗೆರೆ ಹೊಡೆದುಬಿಟ್ರು. ಅಲ್ಲಿಂದ ಮುಂದೆ ಎಲ್ಲಾ ತಪ್ಪಾಯ್ತು. ಕೊಟ್ಟಿದ್ದು ಅಮೋನಿಯಂ ಲವಣವಂತೆ."

"ಅಮೋನಿಯಾ ಕಣೇ ಅದು! ಮೂರ್ಛೆ ಹೋದವರನ್ನ ಎಬ್ಬಿಸುತ್ತೆ. ನಿನಗೆ ಹೇಗೆ ಬರಲಿಲ್ಲ?"

"ನಾನು ನೋಡಿದಾಗ ಇರಲಿಲ್ಲ."

"ಯಾವಾಗ ನೋಡಿದೆ? ಏನೇನು ಮಾಡಿದೆ, ಸಾಲಾಗಿ ಹೇಳು."

ಅವಳು ಬೆರಳು ಮಡಚುತ್ತಾ ಹೇಳಿದಳು. "ಬಿಸಿ ಮಾಡಿದೆ. ಟ್ಯೂಬನ್ನ ಸ್ಟ್ಯಾಂಡಿಗಿಟ್ಟೆ. ಬರ್ನರ್ ಆರಿಸಿದೆ. ಕೈ ತೊಳೆದೆ. ಪೇಪರಿನ ಮೇಲೆ ನಂಬರ್ ಬರೆದು ಸ್ಕೇಲಿಟ್ಟು ಗೆರೆ ಎಳೆದೆ. ಆಮೇಲೆ ಬಗ್ಗಿ ಮೂಸಿದೆ."

"ಬಿಸಿ ಮಾಡಿದ ಕೂಡಲೇ ಯಾಕೆ ಮೂಸಲಿಲ್ಲ? ಫ್ಯಾನ್ ತಿರುಗ್ತಿತ್ತು ತಾನೇ?"

ಅವಳು ನನ್ನನ್ನೇ ನೋಡಿದಳು. ಪೆದ್ದಿಯ ಹಾಗಲ್ಲ, ಪೆದ್ದುಪ್ರಶ್ನೆ ಕೇಳಿದವಳನ್ನು ನೋಡುವ ಹಾಗೆ. "ವಾಸನೆ ಎಲ್ಲಿಗೆ ಹೋಗುತ್ತೆ ಮಿಸ್?"

ನನಗೆ ಬಂದ ಸಿಟ್ಟಿಗೆ ಯಾರ ಮೇಲೆ ಹರಿಯಬೇಕೆಂದು ತಿಳಿಯಲಿಲ್ಲ. ಅವಳು ಹುಟ್ಟಿದ ಊರಿನಲ್ಲಿ ವಾಸನೆ ಹೋಗುವುದಿಲ್ಲ. ಅವಳು ಕಲಿತ ಪರದೆಯಲ್ಲಿ ಒತ್ತಿ ಮುಚ್ಚುವ ತನಕ ಹೋಗುವುದಿಲ್ಲ. ಎರಡು ವರ್ಷ ಅವಳಿಗೆ ಕಲಿಸಿದ ನಾನು ಹೋಗುವ ವಾಸನೆಯ ಊರಿನಲ್ಲೇ ಬೆಳೆದವಳು. ಬೆಳಿಗ್ಗೆ ಅಮ್ಮ ಹುರಿದ ಒಣಮೆಣಸಿನಕಾಯಿಗೆ ಮನೆಮಂದಿಯೆಲ್ಲ ಕೆಮ್ಮಿ, ಮಧ್ಯಾಹ್ನದೊಳಗೆ ಅದನ್ನು ಮರೆತುಬಿಡುತ್ತಿದ್ದ ಮನೆ ನನ್ನದು. ಇದೊಂದನ್ನು ಬಾಯಿಬಿಟ್ಟು ಹೇಳಬೇಕೆಂದು ನನಗೇ ಅನ್ನಿಸಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನಗೂ ಅದು ಮರೆತುಹೋಗಿತ್ತೇನೋ.

ಮರುಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ನಮ್ಮೂರಿನ ಗಡಿಕಲ್ಲಿನ ಆಚೆಗೆ ಹೋದರೆ ವಾಸನೆ ಎಲ್ಲ ಕಡೆಯಂತೆ ಗಾಳಿಗೆ ಹೋಗುತ್ತದೆ. ಲ್ಯಾಬಿನ ಬೀರುವಿನಿಂದ ಎರಡು ಬಾಟಲಿ ಕೊಡಿ, ಹುಡುಗಿಯನ್ನು ಗಡಿಯಾಚೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಪ್ರಿನ್ಸಿಪಾಲರನ್ನು ಕೇಳಿದೆ.

"ಬಾಟಲಿ ಆರು ಬೀದಿ ದಾಟಬೇಕು ಮೇಡಂ. ಬೀದಿಗೆ ನಾಲ್ಕರಂತೆ ಇಪ್ಪತ್ನಾಲ್ಕು ಸಹಿ. ದಾರಿಯಲ್ಲಿ ಎಡವಿದ್ರೆ?"

"ಎಡವಲ್ಲ ಸರ್."

"ಅವತ್ತೂ ನೀವು ಎಡವಿರಲಿಲ್ಲ, ಫೋನಿನಲ್ಲಿ ಮಾತಾಡ್ತಿದ್ರಿ ಅಷ್ಟೆ," ಎಂದು ಅವರು ನಕ್ಕರು. "ಪರದೆಯಲ್ಲಿ ಇನ್ನೊಂದಿಷ್ಟು ಸಲ ಮಾಡಿಸಿ. ಹೇಗೂ ಅಭಿನಂದನೆ ಹೇಳುತ್ತಲ್ಲ."

ಮನೆಗೆ ಬಂದು ಪಾತ್ರೆ ಕುಕ್ಕುತ್ತಾ ತೊಳೆದೆ. ಹಿತ್ತಾಳೆಯ ಕೊಳದಪ್ಪಲೆಯ ಒಳಮೈ ತಿಕ್ಕುವಾಗ ಕಲಾಯಿ ಹೋಗಿರುವುದು ಕಾಣಿಸಿತು. ನಮ್ಮೂರಿನವರು ಕಲಾಯಿ ಹಾಕಿಸುವುದು ಗಡಿಯಾಚೆಯ ಹುಣಸೆಮರದ ಕೆಳಗೆ, ಅಲಿಮಿಯಾ ಸಾಬರ ಹತ್ತಿರ. ಅವರು ಕಾದ ಪಾತ್ರೆಗೆ ತವರ ಹಿಡಿಯಲೆಂದು ಉದುರಿಸುವ ಬಿಳಿಯ ಪುಡಿ ನವಸಾಗರ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಅದಕ್ಕೆ ಒದ್ದೆ ಸುಣ್ಣ ಸೇರಿಸಿ ತಿಕ್ಕಿದರೆ ಬೆಂಕಿಯೂ ಬೇಡ, ಬಾಟಲಿಯೂ ಬೇಡ, ಅಮೋನಿಯಾ ಏಳುತ್ತದೆ. ಸುಣ್ಣ ಅತ್ತೆಯ ಎಲೆಯಡಿಕೆ ತಟ್ಟೆಯಲ್ಲೇ ಇತ್ತು. ಸುಣ್ಣದ ಡಬ್ಬಿ ಸೊಂಟಕ್ಕೆ ಸಿಕ್ಕಿಸಿ ಬೀದಿ ದಾಟಲು ಯಾರ ಸಹಿ ಬೇಕು?

ನಾಲ್ಕು ದಿನ ಸಂಜೆ ಹೋದೆವು. ಸಿಂಚನಾ ಸೈಕಲ್ಲನ್ನು ನಮ್ಮ ಮನೆಯಲ್ಲಿಟ್ಟು ನನ್ನ ಜೊತೆ ನಡೆದು ಬರುತ್ತಿದ್ದಳು. ಅಲಿಮಿಯಾ ಸಾಬರು ಒಂದು ಚಿಟಿಕೆ ನವಸಾಗರ ಕೊಟ್ಟು, "ನಾನು ಮೂವತ್ತು ವರ್ಷದಿಂದ ಕುಡಿದ ಹೊಗೆ ಇದು. ಇದಕ್ಕೂ ಪರೀಕ್ಷೆ ಇಟ್ಟಿದ್ದಾರಾ ಅಮ್ಮಾ? ಹಾಗಾದ್ರೆ ನನಗೊಂದು ಡಿಗ್ರಿ ಕೊಡ್ಸಿ," ಎಂದು ತಮಾಷೆ ಮಾಡಿದರು. ಒಂದು ತೆಂಗಿನ ಚಿಪ್ಪಿನಲ್ಲಿ ಪುಡಿಗೆ ಸುಣ್ಣ ಹಾಕಿ ಕಡ್ಡಿಯಿಂದ ತಿಕ್ಕಿ, "ಹೂಂ, ಈಗ!" ಎಂದೆ. ಅವಳು ಮೊದಲು ದುಪಟ್ಟಾ ಸರಿಮಾಡಿಕೊಂಡಳು. ಆಮೇಲೆ ಚಿಪ್ಪನ್ನು ಎರಡೂ ಕೈಯಲ್ಲಿ ಗೌರವದಿಂದ ತೆಗೆದುಕೊಂಡಳು. ಅಲ್ಲಾಡದಂತೆ ನೆಲದ ಮೇಲಿಟ್ಟಳು. ಅಷ್ಟರಲ್ಲಿ ಬಯಲಿನ ಗಾಳಿ ಬೀಸಿತು. ಬಗ್ಗಿದಳು. "ಇಲ್ಲ ಮಿಸ್."

"ನಿನ್ನ ತಲೆ! ಕೊಡು ಇಲ್ಲಿ."

ಎರಡನೆಯ ಸಲ ಅವಳು ಮೊದಲು ಚಪ್ಪಲಿ ಬಿಟ್ಟಳು. ಮೂರನೆಯ ಸಲ ಕಡ್ಡಿಯನ್ನು ಒರೆಸಿ ಬದಿಗಿಟ್ಟಳು. ಅವಳಿಗೆ ಆತುರವೆಂಬುದೇ ಬರುತ್ತಿರಲಿಲ್ಲ. "ನಿಮ್ಮಮ್ಮನ ಮೇಲೆ ಆಣೆ ಮಾಡಿ ಹೇಳ್ತೀನಿ, ಅದು ಹೋಗುತ್ತೆ! ಹೋದ್ರೆ ಬರಲ್ಲ! ನಿನಗೋಸ್ಕರ ಕಾಯಲ್ಲ!" ಎಂದು ಬಯಲಿನಲ್ಲಿ ಕೂಗಿದೆ. "ಮಗೂನ ಹೆದರಿಸಬೇಡ್ರಮ್ಮ," ಎಂದರು ಸಾಬರು, ತಿದಿ ಒತ್ತುತ್ತಾ.

ನಾಲ್ಕನೆಯ ದಿನ, ನಾನು ಬೇಸತ್ತು "ಈಗ" ಎಂದು ಹೇಳುವುದನ್ನೂ ಬಿಟ್ಟಿದ್ದಾಗ, ಅವಳು ಇದ್ದಕ್ಕಿದ್ದಂತೆ ನನ್ನ ಕೈಯಲ್ಲಿದ್ದ ಚಿಪ್ಪಿನ ಮೇಲೆ ಬಗ್ಗಿದಳು. ಬಗ್ಗಿದವಳು ಹಿಂದಕ್ಕೆ ಹಾರಿ ಕೆಮ್ಮಿದಳು. ಕಣ್ಣಿನಲ್ಲಿ ನೀರು ಸುರಿಯಿತು. "ಬಂತು ಮಿಸ್! ಬಂತು!" ಎಂದಳು. ಮತ್ತೆ ಮೂಗು ಎತ್ತಿ ಗಾಳಿಯನ್ನು ಹುಡುಕಿದಳು. ಆ ಕಡೆ ತಿರುಗಿದಳು, ಈ ಕಡೆ ತಿರುಗಿದಳು. ಅವಳ ಮುಖದ ಮೇಲಿದ್ದ ಸಂತೋಷ ನಿಂತಲ್ಲೇ ನಿಂತಿತು. "ಎಲ್ಲಿ ಹೋಯ್ತು?" ಎಂದಳು. ಹದಿನೆಂಟು ವರ್ಷದ ಹುಡುಗಿ ಮೊದಲ ಸಲ ಒಂದು ವಾಸನೆಯನ್ನು ಕಳೆದುಕೊಂಡದ್ದು. ನಾನು, "ಹೋಗೋದೇ ಹಾಗೆ. ನಡಿ, ಹೊತ್ತಾಯ್ತು," ಎಂದೆ.

ಅಲ್ಲಿ ಇನ್ನೆರಡು ಮಾತಾಡಬೇಕಿತ್ತು. ಯಾಕೆಂದರೆ ಅವಳಿಗೆ ನನ್ನ ಮಾತಿನ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ನಾನು ಚಿಪ್ಪನ್ನು ಬಿಸಾಡುವ ಮೊದಲು ಅವಳು ಉಳಿದ ಮಿಶ್ರಣವನ್ನು ನನ್ನ ಅತ್ತೆಯ ಸುಣ್ಣದ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ್ದಳು. ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆ ತಲುಪಿದೆವು. ನಾನು ಚಪ್ಪಲಿ ಬಿಡುತ್ತಿದ್ದಾಗ, ಹೊಸ್ತಿಲ ಮುಂದೆ ನಿಂತು ಅವಳು ಡಬ್ಬಿ ತೆರೆದಳು. ಒಳಗಿನದೂ ಹೋಗಿದೆಯೋ ಇಲ್ಲವೋ ನೋಡೋಣವೆಂದು.

ಹೋಗಿರಲಿಲ್ಲ. ಮೂಗಿಗೆ ಸೂಜಿ ಚುಚ್ಚಿದ ಹಾಗೆ ಅದು ಎದ್ದು ನಮ್ಮ ಬಾಗಿಲನ್ನು ತುಂಬಿತು. ತುಂಬಿ ನಿಂತುಬಿಟ್ಟಿತು. ಎದುರುಮನೆಯ ಜಲಜಾಕ್ಷಮ್ಮ ರಂಗೋಲಿ ಡಬ್ಬಿಯ ಸಮೇತ ಓಡಿ ಬಂದರು, ಸೆರಗನ್ನು ಮೂಗಿಗೆ ಒತ್ತಿಕೊಂಡು. "ಏನ್ರೀ ಮೇಡಂ, ಒಂದು ಮೊಟ್ಟೆ ಸಾಲಲಿಲ್ವಾ?" ಅವರ ಹಿಂದೆ ಇನ್ನೂ ಐದಾರು ಜನ. ನನ್ನ ಗಂಡ ಒಳಗಿನಿಂದ ಬಂದು, ಕಣ್ಣು ಒರೆಸಿಕೊಳ್ಳುತ್ತಾ, "ನನಗೇನೂ ಅಷ್ಟು ಗೊತ್ತಾಗ್ತಿಲ್ಲಪ್ಪ," ಎಂದ.

"ಯಾರು ಎಬ್ಬಿಸಿದ್ದು?" ಎಂದು ಕೇಳಿದರು ಜಲಜಾಕ್ಷಮ್ಮ. ನಮ್ಮೂರಿನಲ್ಲಿ ಹಾಗೆ ಕೇಳಿದಾಗ ಅಲ್ಲೇ ನಿಂತು ಹೇಳಬೇಕು. ಹೇಳಿದ ಹೆಸರು ಮರುದಿನ ವಾರ್ಡ್ ಕಚೇರಿಯ ಹಲಗೆಗೆ ಹೋಗುತ್ತದೆ: ಯಾರು, ಯಾವ ವಾಸನೆ, ಯಾವ ಬಾಗಿಲು. ವಾಸನೆ ಇರುವಷ್ಟು ಕಾಲ ಹೆಸರೂ ಇರುತ್ತದೆ. ಹಲಗೆಯಲ್ಲಿ ಹೆಸರಿರುವ ವಿದ್ಯಾರ್ಥಿಗೆ ಪ್ರಿನ್ಸಿಪಾಲರು ನಡತೆಯ ಪತ್ರ ಕೊಡುವುದಿಲ್ಲ. ನಡತೆಯ ಪತ್ರವಿಲ್ಲದೆ ಪರೀಕ್ಷೆಯಿಲ್ಲ. ಡಬ್ಬಿ ಸಿಂಚನಾಳ ಕೈಯಲ್ಲೇ ಇತ್ತು. ಅವಳು ಬಾಯಿ ತೆರೆದಳು.

"ನಾನೇ," ಎಂದೆ. "ಇನ್ಯಾರು? ಈ ಊರಲ್ಲಿ ಇದಕ್ಕೆಲ್ಲ ನಾನೇ ಇರೋದಲ್ವಾ?"

"ಇಲ್ಲ, ಮಿಸ್..."

"ಡಬ್ಬಿ ಕೊಡೆ ಇಲ್ಲಿ. ಹಿಡ್ಕೊಂಡಿರು ಅಂದ್ರೆ ಮುಚ್ಚಳ ಬೀಳಿಸಿಕೊಂಡು ನಿಂತಿದ್ದೀಯಲ್ಲ! ಸೈಕಲ್ ತಗೊಂಡು ಹೋಗು, ಕತ್ತಲಾಗುತ್ತೆ."

ಇದನ್ನು ತ್ಯಾಗವೆಂದು ಯಾರೂ ತಿಳಿಯಬಾರದು. ಆ ಹೊತ್ತಿಗೆ ನನಗೆ ಬಂದದ್ದು ಬರೀ ರೇಗು. ಒಂಬತ್ತು ವರ್ಷದಿಂದ ನಾನು ಮೊಟ್ಟೆ ಮೇಡಂ. ತರಕಾರಿಯವನಿಗೂ ನಾನು ಮೊಟ್ಟೆ ಮೇಡಂ. ಒಂದು ನಿಮಿಷದ ಮರೆವನ್ನು ಹೊತ್ತುಕೊಂಡು ಇಷ್ಟು ದೂರ ನಡೆದವಳಿಗೆ ಇನ್ನೊಂದನ್ನು ಹೊರುವುದು ಕಷ್ಟವಲ್ಲ. ಆದರೆ ಆ ಹುಡುಗಿ ಇದನ್ನು ಹದಿನೆಂಟಕ್ಕೇ ಹೊರಲು ಶುರುಮಾಡುವುದನ್ನು ನೋಡುತ್ತಾ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ಮರುದಿನ ಹಲಗೆಯಲ್ಲಿ ನನ್ನ ಹೆಸರು ಎರಡನೆಯ ಸಲ ಬಂತು. ವಾರ್ಡಿನವರು ಬಂದು ನಮ್ಮ ಮುಂಬಾಗಿಲಿಗೆ ಅಡ್ಡಪಟ್ಟಿ ಹೊಡೆದು ಹೋದರು. ಅತ್ತೆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ, ಹೊಸ ಸುಣ್ಣದ ಡಬ್ಬಿ ಬೇಕಾಗಿದ್ದರಿಂದ ಮಾತಾಡಿದರು. "ಹಿತ್ತಿಲ ಬಾಗಿಲಿಂದ ಓಡಾಡಿದರಾಯ್ತು ಬಿಡು," ಎಂದ ವಾಸುದೇವ. ಪ್ರಿನ್ಸಿಪಾಲರು ಕರೆಸಿ, ಎರಡು ಸಲ ಹೆಸರು ಬಿದ್ದವರನ್ನು ಕಾಲೇಜು ಇಟ್ಟುಕೊಳ್ಳಬಾರದು, ಆದರೆ ನೀವು ಹೇಗೂ ಕಾಲೇಜಿಗೆ ಬರುವುದಿಲ್ಲವಲ್ಲ, ಮುಂದುವರಿಸಿ ಎಂದರು. ಬೇರೆ ಯಾರೂ ಈ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಪರೀಕ್ಷೆಯ ದಿನ ನಾನೇ ಅವಳನ್ನು ಕರೆದುಕೊಂಡು ಹೋದೆ. ರುಕ್ಮಾಬಾಯಿಗೆ ಮದುವೆಯೊಂದರ ಹನ್ನೆರಡು ರವಿಕೆ ಬಾಕಿಯಿತ್ತು. ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಮೂರು ಗಂಟೆ ಕೂತೆ. ಒಳಗಿನಿಂದ ಗಾಜು ತಾಗುವ ಸದ್ದು ಬರುತ್ತಿತ್ತು. ಒಂದು ಸಲ ಏನೋ ಒಡೆಯಿತು. ಯಾರೋ ಬೈದರು. ಅದು ಅವಳೇ ಎಂದು ನನಗೆ ಖಾತ್ರಿಯಾಯಿತು. ಒಂಬತ್ತು ವರ್ಷದ ಮೇಲೆ ನಿಜವಾದ ಲ್ಯಾಬಿನ ವಾಸನೆ ಮೂಗಿಗೆ ಬಡಿದು, ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ನಿಲ್ಲಬೇಕೆನ್ನಿಸುತ್ತಿತ್ತು. ಜವಾನ ಎರಡು ಸಲ, "ಕೂತ್ಕೊಳ್ಳಿ ಮೇಡಂ," ಎಂದ.

ಸಿಂಚನಾ ಹೊರಗೆ ಬಂದಾಗ ಕುರ್ತಾದ ತೋಳು ಒದ್ದೆಯಾಗಿತ್ತು. "ಏನು ಒಡೆದೆ?" ಎಂದೆ.

"ನಾನಲ್ಲ ಮಿಸ್, ಪಕ್ಕದವಳು. ಕೇಳಿ ಇಲ್ಲಿ. ಆಸಿಡ್ ಹಾಕಿ ಬಿಸಿ ಮಾಡಿದೆ. ಏನನ್ನೂ ಕೆಳಗಿಡಲಿಲ್ಲ. ಅಲ್ಲೇ, ನಿಂತಲ್ಲೇ ಕೈಬೀಸಿ ಮೂಸಿದೆ. ಹುಳಿ ಹುಳಿ, ಮೂಗಿನೊಳಗೆ ಕಚ್ಚೋ ಥರ. ನಾನು ಯಾವತ್ತೂ ಮೂಸಿದ್ದೇ ಅಲ್ಲ. ಅಸಿಟೇಟ್ ಇರಬೇಕು ಅಂತ ಬರೆದೆ."

"ಆಮೇಲೆ?"

"ಎಕ್ಸಾಮಿನರ್ ಬಂದ್ರು. ಹೋದ ಸಲದವರೇ. ನನ್ನ ನೆನಪಿತ್ತು ಅವರಿಗೆ. ಗ್ಯಾರಂಟಿನಾ, ಇನ್ನೊಂದು ಸಲ ಮೂಸಿ ನೋಡು ಅಂದ್ರು." ಅವಳು ಉಸಿರು ತೆಗೆದುಕೊಂಡಳು. "ನಾನು ಮೂಸಲಿಲ್ಲ. ಹೋಗಿಬಿಟ್ಟಿದೆ ಸರ್, ಆದ್ರೆ ಇತ್ತು, ಅಂದೆ. ಅವರು ನನ್ನ ಮುಖ ನೋಡಿ ಸರಿ ಅಂತ ಗುರುತು ಹಾಕಿದ್ರು. ಮುಂದಿನ ಟೆಸ್ಟೆಲ್ಲ ತಾಳೆಯಾಯ್ತು ಮಿಸ್. ಎಲ್ಲಾ ತಾಳೆಯಾಯ್ತು."

ನಾನು ಅವಳ ತಲೆಯ ಮೇಲೊಂದು ಮೊಟಕಿದೆ. ಅದಕ್ಕಿಂತ ಹೆಚ್ಚಿನದೇನೂ ನನ್ನಿಂದಾಗಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಒರಗಿ ಕಣ್ಣು ಮುಚ್ಚಿದೆ. ಬೆಳಗಿನ ಜಾವಕ್ಕೆ ಎದ್ದವಳು. ಮನೆಗೆ ಹೋಗಿ ಹಿತ್ತಿಲ ಬಾಗಿಲಿಂದ ನುಗ್ಗಿ ಸಾರು ಬಿಸಿ ಮಾಡಬೇಕಿತ್ತು. ಐದು ನಿಮಿಷವಾಗಿರಲಿಲ್ಲ, ಪಕ್ಕೆಗೆ ಮೊಣಕೈ ತಿವಿಯಿತು. "ಮಿಸ್, ಮಿಸ್, ಬೇಗ!" ಏನಾಯಿತೋ ಎಂದು ಬೆಚ್ಚಿ ಎದ್ದೆ. ಮುಂದಿನ ಸೀಟಿನ ಹೆಂಗಸು ಕಿತ್ತಳೆ ಸುಲಿಯುತ್ತಿದ್ದಳು. "ಅಯ್ಯೋ, ಹೋಯ್ತು," ಎಂದಳು ಸಿಂಚನಾ. ಮತ್ತೆ ಕಣ್ಣು ಮುಚ್ಚಿದೆ. ಮತ್ತೆ ಮೊಣಕೈ. ಈ ಸಲ ರಸ್ತೆಯ ಡಾಂಬರು. ಆಮೇಲೆ ಯಾರದೋ ಅಂಗಡಿಯ ಬಜ್ಜಿ, ಒಂದು ಕರುವಿನ ಕೊಟ್ಟಿಗೆ, ಯಾರೋ ಮಗುವಿಗೆ ಹಚ್ಚಿದ ಪೌಡರು. ಒಂದೊಂದಕ್ಕೂ ಅವಳು ರೈಲು ತಪ್ಪಿಸಿಕೊಳ್ಳುವವಳ ಹಾಗೆ ಒದ್ದಾಡಿ, ಮೂಸಿ, ಅದು ಹೋದ ಕೂಡಲೇ ನನ್ನ ಕಡೆ ತಿರುಗಿ ನಗುತ್ತಿದ್ದಳು.

"ಸಾಕು ಸುಮ್ಮನಿರೇ ತಾಯಿ, ನಿದ್ದೆ ಮಾಡೋಕೆ ಬಿಡು," ಎಂದು ಗದರಿದೆ. ಅವಳು ಸುಮ್ಮನಾದಳು. ಬಸ್ಸು ಒಂದು ಹಳ್ಳಿಯನ್ನು ದಾಟುತ್ತಿತ್ತು. ಯಾರದೋ ಮನೆಯಲ್ಲಿ ಯಾರೋ ಏನನ್ನೋ ಸೀಯಿಸಿದ್ದರು. ಅವಳ ಮೊಣಕೈ ಏಳುವ ಮೊದಲೇ ನಾನು ಅವಳ ಮೇಲಿಂದ ಬಗ್ಗಿ ಕಿಟಕಿಗೆ ಮುಖ ಕೊಟ್ಟಿದ್ದೆ.